ನೆಟ್ ಇಲ್ಲದ ಪೆಟ್ಟಿಗಿ

ಇಷ್ಟ್ಯಾಕ ಹೊಳೀತೈತಿ ಇದು, ಹಳೇದಂದ್ರ ಹಳೇದರಂಗ ಇರಬೇಕಲ್ಲ, ಯಾರದೋ ಮನ್ಯಾಗ ಟಿವಿ ಬುಡಕ ವರ್ಷಾನುಗಟ್ಟಲೆ ಧೂಳ ಕುಡಕೊಂತ ಕುಂತಿದ್ದ ವಿಡಿಯೋ ಗೇಮಿನ ಪೆಟ್ಟಿಗಿ, ಈಗ ನೋಡಿದ್ರ ಲೈಟ್ ಬಿದ್ದಲ್ಲೆಲ್ಲಾ ಕರ್ರಗ ಮಿಂಚಾಕತ್ತೈತಿ, ಎಣ್ಣಿ ಸವರ್ಯಾನ, ಸವರೇ ಸವರ್ಯಾನ — ಶಂಭುಲಿಂಗ ಹೆಬ್ಬಟ್ಟಿಲೆ ಪೆಟ್ಟಿಗಿ ಮೂಲಿ ತಿಕ್ಕಿದ, ತಿಕ್ಕಿದ ಹೆಬ್ಬಟ್ಟು ಮೂಗಿಗೆ ಹಿಡದ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಖರೀದಿಗೆ ಅಡ್ಡಾಡೋ ಮೂಗು ಅದು, ಹೋದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲಿಗೆ ಎಣ್ಣಿ ಸವರಿ ಹೊಸಾದಂತ ತಂದಿಟ್ರ ಚೀಲದ ಬಾಯಿ ಬಿಚ್ಚೋದ್ರಾಗ ಹೇಳತೈತಿ, ಇಲ್ಲಿ ಮಾತ್ರ ಏನೂ ಹೇಳವಲ್ದು, ಬರೇ ದವಾಖಾನಿ ವಾಸನಿ. ಸ್ಪಿರಿಟ್ ಹಚ್ಚಿ ಒರಸೇನ್ರಿ ಅಣ್ಣಾರ, ಗಿರಾಕಿ ಕೈಯಾಗ ಹೊಲಸ ಮಾಲ ಹೆಂಗ ಕೊಡ್ಲಿ, ಅಂದ ಫಿರೋಜ್, ರಾಣೇಬೆನ್ನೂರ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಾಂವ, ಅಂದು ನಕ್ಕ, ಯಾಕ ನಕ್ಕ, ಕೇಳಿದ್ದಕ್ಕ ಜವಾಬ ಕೊಟ್ರ ಸಾಕಲ್ಲ, ನಗು ಮ್ಯಾಲ ಯಾಕ. ಕುಂದ್ರಿ, ಚಾ ಹೇಳ್ಲೇನು. ಚಾ ಬ್ಯಾಡ. ಚಾ ಕುಡದ ಮ್ಯಾಲ ಮಾಲ ಬ್ಯಾಡ ಅನ್ನಾಕ ಬಾಯಿ ಬರೂದಿಲ್ಲ, ಅದಕ್ಕ ಚಾ ಹೇಳೋದು ಇವ್ರು, ಶಂಭುಲಿಂಗಗ ಗೊತ್ತಿಲ್ಲೇನ ಈ ಆಟ.

ಮತ್ತ ಇಲ್ಲಿಗೇ ಯಾಕ ಬಂದಂಗಾತು, ಮಾಂತೇಶ ಹೇಳಿದ್ದಕ್ಕ, ಹೆಂಡತಿ ಭುವನಾನ ತಮ್ಮ ಮಾಂತೇಶ, ಮಾಮಾ ಹೊಸಾದು ತಗೋಬ್ಯಾಡ್ರಿ, ಹೊಸಾದ್ರಾಗ ನೆಟ್ ಹಚ್ಚಬೇಕು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರ ಎಲ್ಲೆಲ್ಲಿಯವರೋ ಮಾತಾಡತಾರ, ಹಳೇದ ತಗೋರಿ, ಸಿಡಿ ಹಾಕು, ಆಡು, ಮುಗೀತು, ಫಿರೋಜನ ಕಡೆ ಒಂದ ಐತಿ, ನನ್ನ ಹೆಸರ ಹೇಳ್ರಿ. ನನ್ನ ಹೆಸರ ಹೇಳ್ರಿ! ಹೆಸರ ಯಾಕ ಹೇಳಬೇಕು, ಹೆಸರಿಗೆ ದಲಾಲಿ ಸಿಗತೈತೇನ ಇವಗ, ಸ್ವಂತ ಅಕ್ಕನ ಗಂಡಗ ಟೋಪಿ ಹಾಕಾಕ ಇಬ್ಬರೂ ಕೂಡ್ಯಾರೇನ — ಇರಲಿ, ನೆಟ್ ಇಲ್ಲ ಅನ್ನೋದೊಂದು ಮನಸಿಗೆ ಹತ್ತೇತಿ. ಮಗಳು ಶ್ವೇತಾಗ ಇವತ್ತಿಂದ ಸೂಟಿ. ಒಂಬತ್ತನೇತ್ತೆ ಮುಗಿಸಿದ ಹುಡುಗಿ ಬ್ಯಾಗ್ ತುಂಬಿಕೊಂಡ ಕುಂತಾಳ, ನಾಳಿ ಮುಂಜಾನಿ ಹಾವೇರಿಗೆ, ಅತ್ತಿ ಶಾರದವ್ವನ ಮನಿಗೆ, ಸೂಟಿ ಪೂರ್ತಿ ಅಲ್ಲೇ ಅಂತ, ಅದನ್ನೂ ಅಪ್ಪಗ ಹೇಳಿದ್ದಲ್ಲ, ಅವ್ವಗ ಹೇಳ್ಯಾಳ, ಅವ್ವ ರೊಟ್ಟಿ ಬಡಕೊಂತ ಅಪ್ಪಗ ಹೇಳ್ಯಾಳ. ಮಾತು ಬಿಟ್ಟಾಳ ಹುಡುಗಿ. ಯಾತಕ್ಕ, ಫೋನ್ ಕಸಗೊಂಡಿದ್ದಕ್ಕ. ಉಣ್ಣಾಕ ಕುಂತಾಗ ಫೋನಿನ್ಯಾಗ ಮೆಸೇಜ್ ಬಂತು, ನೋಡಿ ಬಾಯಿ ಮುಚ್ಚಿಕೊಂಡ ನಕ್ಲು, ಯಾರದು, ಗೆಳತಿದು, ತೋರಸು, ತೋರಿಸಿದ್ಲು, ನೋಡಿದ, ಎಲ್ಲಾ ನೋಡಿದ, ಹೋಮ್‌ವರ್ಕು, ಯಾವದೋ ಬೆಕ್ಕಿನ ಫೋಟೋ, ರಂಗೋಲಿ, ಏನೂ ಇರಲಿಲ್ಲ. ಏನೂ ಇರಲಿಲ್ಲ ಅಂದ್ರ ಏನ ಅರ್ಥ, ಅಳಿಸ್ಯಾಳ ಅಂತ ಅರ್ಥ. ಸಾಕ ಮಾಡ್ರಿ ಅಂದ್ಲು ಭುವನಾ, ಮಗಳೇನ ಮೆಣಸಿನಕಾಯಿ ಚೀಲೇನ್ರಿ, ತಳತನಕಾ ಕೈ ಹಾಕಿ ನೋಡಾಕ. ಹೆಂಗಸರಿಗೇನ ಗೊತ್ತು, ಮ್ಯಾಲಿನ ಕಾಯಿ ಯಾವತ್ತೂ ಛಲೋನ ಇರ್ತಾವ, ತೊಯ್ದದ್ದು, ಬೂಜ ಹಿಡದದ್ದು ತಳದಾಗ ಇರತೈತಿ, ಮೊಣಕೈ ತನಕಾ ಕೈ ಹಾಕಿ ಒಂದ ಕಾಯಿ ತಗದು ಮುರದು ನೋಡಿದ್ರನ ಮಾಲು ತಿಳಿಯೋದು. ಹಂಗ ನೋಡಿದ್ದಕ್ಕ ಇವತ್ತಿನ ತನಕಾ ಶಂಭುಲಿಂಗಗ ಯಾರೂ ಮೋಸ ಮಾಡಿಲ್ಲ. ಮೋಸ ಮಾಡಿಲ್ಲ ಖರೆ, ಮನ್ಯಾಗ ಕೂಸು ಮಾತು ಬಿಟ್ಟೈತಲ್ಲ, ಅದು ತಡಕೊಳ್ಳಾಕ ಆಗವಲ್ದು, ರಾತ್ರಿ ಉಂಡದ್ದ ಮೈಗೆ ಹತ್ತವಲ್ದು.

ಹಚ್ಚಿ ತೋರಸ್ತೇನಿ ನೋಡ್ರಿ, ಅಂದು ಫಿರೋಜ್ ವೈರ್ ಸಿಕ್ಕಿಸಿದ, ಗ್ವಾಡಿ ಮ್ಯಾಲಿನ ಸಣ್ಣ ಟಿವಿ ಬೆಳಕಾತು, ಪೆಟ್ಟಿಗಿ ಒಳಗ ಸಿಡಿ ಗರ್ರ್ ಅಂತ ತಿರಗಾಕತ್ತು, ಗರ್ರ್ ಯಾಕ ಅಂತೈತಿ, ಹಳೇ ಮಾಡೆಲ್ ಅಂದ್ರ ಹಂಗನ್ರಿ, ಉಸರಾಡತೈತಿ ಅನ್ಕೋರಿ, ಉಸರಂತ ಉಸರು, ಸಾಯೋ ಮುಂದ ಎಳೆಯೋ ಉಸರ ಇರಬೇಕು. ಪರದೆ ಮ್ಯಾಲ ಎರಡು ಕಾರು ಬಂದು ನಿಂತು, ಒಂದು ಕೆಂಪು, ಒಂದು ಹಳದಿ, ಒಂದ ಜಾಯ್‌ಸ್ಟಿಕ್ ಇವನ ಕೈಗೆ ಕೊಟ್ಟು ಇನ್ನೊಂದು ತಾನ ಹಿಡಕೊಂಡ ಫಿರೋಜ್. ಎರಡ ಯಾಕ. ಇಬ್ಬರ ಆಡೋದಲ್ರೀ ಅಣ್ಣಾರ, ಒಬ್ಬರ ಆಡಿದ್ರ ಏನ ಮಜಾ. ಕಾರು ಹೊಂಟು. ಇವನ ಕೆಂಪ ಕಾರು ಮೊದಲನೇ ತಿರುವಿನ್ಯಾಗ ಹೋಗಿ ಗ್ವಾಡಿಗೆ ಬಡೀತು, ಹಿಂದಕ್ಕ ಬರವಲ್ದು, ಮುಂದಕ್ಕ ಹೋಗವಲ್ದು, ಲೇ ಲೇ ಲೇ ಅಂತ ಶಂಭುಲಿಂಗ ಕುಂತಲ್ಲೇ ಮೈ ಹೊಳ್ಳಿಸಿದ, ಮೈ ಹೊಳ್ಳಿಸಿದ್ರ ಕಾರು ಹೊಳ್ಳತೈತೇನ, ಹೊಳ್ತು! ಹೊಳ್ಳಿ ಹಳದಿ ಕಾರಿನ ಬೆನ್ನ ಹತ್ತಿತು, ಮತ್ತ ಅಂಗಡ್ಯಾಗ ಯಾರೋ ಹೋ ಅಂತ ನಕ್ಕರು, ನಕ್ಕಾಂವ ತಾನ. ಹೀಂಗ ಗಂಟಲ ಬಿಟ್ಟು ನಕ್ಕು ಎಷ್ಟ ದಿನಾ ಆತೋ. ಮನ್ಯಾಗ ಪಡಸಾಲ್ಯಾಗ ಚಾಪಿ ಹಾಸಿ, ಈ ಕಡೆ ತಾನು, ಆ ಕಡೆ ಶ್ವೇತಾ, ಪಪ್ಪಾ ನಿನಗ ಬರೂದಿಲ್ಲ ಬಿಡು ಅಂತಾಳ, ಅಂದೇ ಅಂತಾಳ, ಸಿಟ್ಟಿಲೆ ಅಂದ್ರೂ ಅಂತಾಳಲ್ಲ, ಬ್ಯಾಗ್ ಬಿಚ್ಚತಾಳ, ಅರಿವಿ ಮತ್ತ ಕಪಾಟಿಗೆ ಹೋಗ್ತಾವ. ಮನಿಗೆ ಒಯ್ರಿ ಅಣ್ಣಾರ, ಅಂದ ಫಿರೋಜ್, ಮಗಳ ಕೂಡ ಒಂದ ವಾರ ಆಡ್ರಿ, ಛಲೋ ಅನಿಸಿದ್ರ ಆಮ್ಯಾಲ ರೊಕ್ಕಾ ಕೊಡ್ರಿ, ಇಲ್ಲಂದ್ರ ವಾಪಸ್ ತರ್ರಿ.

ಅಲ್ಲೇ ಬಂತು ನೋಡ್ರಿ ಖೊಟ್ಟಿತನ. ವಾರ ಆಡಿ ರೊಕ್ಕಾ ಕೊಡ್ರಿ ಅಂತ ಯಾವ ಪ್ಯಾಟ್ಯಾಗ ಯಾವ ಮನಷ್ಯಾ ಅಂತಾನ, ಹಂಗ ಅನ್ನಾಕ ಇವಗೇನ ಹುಚ್ಚ ಹಿಡದೈತೇನ, ಕಳವಿನ ಮಾಲ ಇರಬೇಕು, ಅಂಗಡ್ಯಾಗಿಂದ ಲಗೂನ ಸಾಗಿಸಬೇಕಾಗೇತಿ, ಇಲ್ಲಾ ಒಳಗ ಏನೋ ಸುಟ್ಟೈತಿ, ಬೆಸಗಿ ಹಾಕ್ಯಾನ, ವಾರದ ಮ್ಯಾಲ ಒಂದ ದಿನಕ್ಕ ಕೆಡತೈತಿ, ಲೆಕ್ಕಾ ಹಾಕೇ ವಾರ ಅಂದಾನ. ಇದನ್ನ ತಗದ ತೋರಸು ಅಂದ ಶಂಭುಲಿಂಗ. ಫಿರೋಜನ ನಗು ನಿಂತಿತು. ಬ್ಯಾಡ್ರಿ ಅಣ್ಣಾರ, ನಡದದ್ದನ್ನ ಬಿಚ್ಚಬಾರದು, ಒಳಗ ಲೆನ್ಸಿಗೆ ಹೋಗೋ ಚಪ್ಪಟಿ ವೈರ್ ಐತಿ, ಹಾಳಿಯಷ್ಟ ತೆಳ್ಳಗ, ಹಳೇದಾಗಿ ಒಣಗೇತಿ, ಒಂದಿಷ್ಟ ಎಳದ್ರ ಹರೀತೈತಿ, ಅದು ಇಲ್ಲೆಲ್ಲೂ ಸಿಗೂದಿಲ್ರಿ. ಹಾಂ, ಈಗ ಬಂದ ಹಾದಿಗೆ, ತಳಾ ನೋಡ್ತೇನಿ ಅಂದಾಗ ಎಲ್ಲಾರೂ ಹಿಂಗ ಅನ್ನೋದು, ಚೀಲಾ ಕೆಡತೈತ್ರಿ, ಕಾಯಿ ಮುರೀತಾವ್ರಿ. ತಗದ ತೋರಿಸಿದ್ರ ಮಾತು, ಇಲ್ಲಂದ್ರ ನಾ ಹೊಂಟೆ. ಹೊಂಟೆ ಅಂದ ಖರೆ, ಹಂಗಾರ ಹೋಗು ಅಂದ್ರ ಏನ ಮಾಡೋದು, ಬರಿಗೈಲೆ ಮನಿಗೆ ಹೋಗಿ ಆ ಬ್ಯಾಗ್ ನೋಡಬೇಕಾಗತೈತಿ. ಫಿರೋಜ್ ಹೋಗು ಅನಲಿಲ್ಲ, ಟಿವಿ ಬಂದ್ ಮಾಡಿದ, ಪೆಟ್ಟಿಗಿ ಡಬ್ಬ ಹಾಕಿ ಒಂದೊಂದ ಸ್ಕ್ರೂ ಬಿಚ್ಚಿ ಬಾಟ್ಲಿ ಮುಚ್ಚಳದಾಗ ಇಟ್ಟ, ನಿಧಾನಕ ಬಿಚ್ಚಾಕತ್ತಿದ್ದ, ಭಾಳ ನಿಧಾನ, ಯಾಕ ಇಷ್ಟ ನಿಧಾನ, ಅಡ್ಡ ಕೈ ಇಟ್ಟು ಏನ ಮುಚ್ಚಾಕತ್ತಾನ, ಅಷ್ಟರಾಗ ಶಂಭುಲಿಂಗನ ಕೈ ತಡೀಲಿಲ್ಲ, ಬಾಯಿ ಅರ್ಧ ಬಿಚ್ಚಿದ ಚೀಲಕ್ಕ ಹೋದಂಗ ಹೋತು, ಅಣ್ಣಾರ ತಡೀರಿ, ತಡೀರಿ ಅನ್ನೂದ್ರಾಗ ಪೆಟ್ಟಿಗಿ ಮುಚ್ಚಳಾ ಎತ್ತೇ ಬಿಟ್ಟ. ಸಣ್ಣ ಸಪ್ಪಳ. ಒಣಗಿದ ಕಾಯಿ ಮುರದ್ರ ಬರತೈತಲ್ಲ, ಅಷ್ಟ.

ಒಳಗ ಏನೂ ಇರಲಿಲ್ಲ. ಬೆಸಗಿ ಇರಲಿಲ್ಲ, ಸುಟ್ಟ ಕಲಿ ಇರಲಿಲ್ಲ, ಧೂಳಿಲ್ಲ, ಹಸರು ಹಲಗಿ ಸ್ವಚ್ಛಕ ಕುಂತಿತ್ತು, ಲೆನ್ಸಿನ ಗಾಜು ಕಣ್ಣಿನಂಗ ತಿಳಿ ಇತ್ತು, ಬಾಜೂಕ ಆ ಚಪ್ಪಟಿ ವೈರ್, ಬಿಳೀ ಪಟ್ಟಿ, ನಡುವ ಹರದು ಎರಡಾಗಿ ಬಿದ್ದಿತ್ತು. ಫಿರೋಜ್ ಅದನ್ನ ಬಗ್ಗಿ ನೋಡಿದ, ಮತ್ತ ಕರೆಂಟ್ ಹಚ್ಚಿ ನೋಡಿದ, ಟಿವಿ ನೀಲಿ ಆತು, ನೀಲಿನ ಉಳೀತು, ಎರಡೂ ಕಾರು ಬರಲಿಲ್ಲ. ಈಗ ಒದರತಾನ, ಒದರಲಿ, ಒದರಿದ್ರ ನಾನೂ ಒದರತೇನಿ, ಕೊಟ್ಟ ಬಿಸಾಕತೇನಿ ಇವನ ರೊಕ್ಕಾ. ಫಿರೋಜ್ ಒದರಲಿಲ್ಲ. ಇರಲಿ ಬಿಡ್ರಿ ಅಣ್ಣಾರ, ಅಂದ, ಹುಬ್ಬಳ್ಳ್ಯಾಗ ಎಲ್ಲೆರ ಸಿಕ್ರ ಹಾಕ್ತೇನಿ, ಇವತ್ತಂತೂ ಆಗೂದಿಲ್ಲ, ಮಗಳಿಗೆ ಇವತ್ತ ಬೇಕಂದಿದ್ರಿ, ಅದ ಕೆಟ್ಟನಿಸಾಕತ್ತೈತಿ. ಯಾಕ ಒದರವಲ್ಲ ಇಂವ, ಮೊದಲ ಹರದಿತ್ತೇನ, ನನ್ನ ಕೈಲೆ ತಗಸಿ ನನ್ನ ತಲಿಗೆ ಕಟ್ಟಾಕ — ಆದ್ರ ಕಾರು ಓಡಿದ್ದು ಕಣ್ಣಾರೆ ನೋಡೇನಲ್ಲ, ಮತ್ತ ಯಾಕ ಒದರವಲ್ಲ. ಶ್ವೇತಾನೂ ಒದರಲಿಲ್ಲ, ಫೋನ್ ಕಸಗೊಂಡ ದಿನಾ. ಅಳತಾಳ, ಜಗಳಾಡತಾಳ ಅಂತ ತಯಾರ ಆಗೇ ಕುಂತಿದ್ದ, ಆಕಿ ಸುಮ್ಮ ಲಾಕ್ ತಗದು ಫೋನ್ ಕೊಟ್ಲು, ನೋಡೋ ತನಕಾ ಎದುರಿಗೇ ನಿಂತ್ಲು, ನೋಡಿ ಮುಗದ ಮ್ಯಾಲ ಎಡಗೈ ಚಾಚಿದ್ಲು, ಬಲಗೈ ಎಂಜಲಾಗಿತ್ತು, ನೋಡಿದ್ಯಲ್ಲಾ ಪಪ್ಪಾ, ಕೊಡು ಇನ್ನ. ಕೊಡಲಿಲ್ಲ. ತನ್ನ ಕಿಸೇದಾಗ ಹಾಕ್ಕೊಂಡ. ಆಕಿ ಕೈ ಹಿಂದಕ್ಕ ತಗೀಲಿಲ್ಲ, ಚಾಷ್ಟಿ ಮಾಡಾಕತ್ತಾನ ಅಪ್ಪ ಅಂತ ತಿಳಕೊಂಡ್ಲೋ ಏನೋ, ಸಣ್ಣಗ ನಕ್ಕೊಂತ ಹಂಗ ಹಿಡಕೊಂಡ ನಿಂತ್ಲು, ಎಡಗೈ, ಬರಿಗೈ. ಫೋನ್ ಈಗೂ ಕಿಸೇದಾಗ ಐತಿ, ಎದಿಗೆ ಒತ್ತಾಕತ್ತೈತಿ, ದಿನಾ ಹಚ್ಚಿ ನೋಡತಾನ, ಏನೂ ಬಂದಿಲ್ಲ, ಏನೂ ಇಲ್ಲ, ಮೊದಲೂ ಇರಲಿಲ್ಲ. ಕೊಡ್ರಿ ಇನ್ನ ಅಣ್ಣಾರ, ಮುಚ್ಚಿ ಇಡತೇನಿ, ಅಂದ ಫಿರೋಜ್, ಬಲಗೈಯಾಗ ಸ್ಕ್ರೂ ಡ್ರೈವರ್ ಇತ್ತು, ಎಡಗೈ ಮುಂದ ಮಾಡಿದ್ದ, ಮುಚ್ಚಳಾ ಇನ್ನೂ ಶಂಭುಲಿಂಗನ ಕೈಯಾಗ ಇತ್ತು, ಕೊಡಬೇಕು ಅನ್ನೋದು ಗೊತ್ತಿತ್ತು, ಕೊಡಾಕ ಕೈ ಏಳವಲ್ದು, ಕಣ್ಣ ಮುಂದ ಬರೇ ಆ ಕೈ, ಫಿರೋಜಂದಲ್ಲ, ಸಣ್ಣದು, ಬಳಿ ಇಲ್ಲದ್ದು, ಎಡಗೈ, ನಕ್ಕೊಂತ ಚಾಚಿದ್ದು, ಕೊಡು ಇನ್ನ ಪಪ್ಪಾ ಅಂತ ಚಾಚಿದ್ದು, ಆ ನಗು ಯಾವಾಗ ಹೋತು ಅಂವ ನೋಡಿಲ್ಲ, ಕೈ ಮಾತ್ರ ನೋಡ್ಯಾನ, ಆ ಎಡಗೈ, ಬರಿಗೈ, ಇನ್ನೂ ಚಾಚೇ ಐತಿ