ಪಾರ್ಥೆನಿಯೋಸ್ ಓದಿದ ಶಾಪ

ನಮ್ಮ ಮೊರಿಯಾ ಸೀಮೆಯಲ್ಲಿ ತುರ್ಕರ ಆಳ್ವಿಕೆಯ ವಿರುದ್ಧ ದಂಗೆ ಏಳುವುದಕ್ಕೆ ಮುಂಚಿನ ಚಳಿಗಾಲ. ನಮ್ಮ ಮಠದ ನೆಲಮಾಳಿಗೆಯಲ್ಲಿ ಎಣ್ಣೆಯ ಜಾಡಿಗಳ ಹಿಂದೆ ಕೋವಿಮದ್ದಿನ ಪೀಪಾಯಿಗಳಿದ್ದವು. ಅವನ್ನು ಹೇಸರಗತ್ತೆಗಳ ಮೇಲೆ ಹೊರಿಸಿ ತಂದವನು ಥಿಮಿಯೋಸ್, ಬೆಟ್ಟ ಸೇರಿದ್ದ ಬಂಡುಕೋರ. ವಿಷಯ ಗೊತ್ತಿದ್ದದ್ದು ಅವನಿಗೆ, ಮಠದ ಹಿರಿಯರಾದ ಪಾರ್ಥೆನಿಯೋಸರಿಗೆ ಮತ್ತು ಕೀಲಿಕೈ ಇಟ್ಟುಕೊಂಡಿದ್ದ ನನಗೆ ಮಾತ್ರ.

ಮಠ ಬಂಡುಕೋರರ ಕಡೆಗಿದೆ ಎಂದು, ಸೀಮೆಯನ್ನಾಳುತ್ತಿದ್ದ ಪಾಷಾನ ಅಧಿಕಾರಿಗೆ ಅನುಮಾನ ಬಂತು. ಥಿಮಿಯೋಸನ ಮೇಲೆ ಚರ್ಚಿನಲ್ಲಿ ಬಹಿಷ್ಕಾರದ ಶಾಪ ಓದಬೇಕು, ಇಲ್ಲದಿದ್ದರೆ ಮಠವನ್ನು ಬುಡಮೇಲು ಮಾಡಿ ಹುಡುಕಿಸುತ್ತೇನೆ ಎಂದು ಹೇಳಿ ಕಳಿಸಿದ. ಹಿರಿಯರು ಥಿಮಿಯೋಸನನ್ನು ಗುಟ್ಟಾಗಿ ಕರೆಸಿಕೊಂಡು ವಿಷಯ ತಿಳಿಸಿದರು. ಅವನು ನಕ್ಕುಬಿಟ್ಟ.

"ಓದಿ ಗುರುಗಳೇ. ತುರ್ಕರ ಗುಂಡಿಗೇ ಸಾಯದವನು ನಿಮ್ಮ ಮಾತಿಗೆ ಸಾಯ್ತೀನಾ?"

"ಬಾಯಲ್ಲಿ ಮಾತ್ರ ಕಣೋ, ಮಗಾ. ಮನಸ್ಸಲ್ಲಿಲ್ಲ," ಎಂದರು ಹಿರಿಯರು. ಮದ್ದಿನ ವಿಷಯವನ್ನಾಗಲಿ ಈ ಶಾಪದ ವಿಷಯವನ್ನಾಗಲಿ ಹೆತ್ತ ತಾಯಿಗೂ ಹೇಳುವುದಿಲ್ಲ ಎಂದು ಅವನಿಂದ ಶಿಲುಬೆ ಮುಟ್ಟಿಸಿ ಆಣೆ ಮಾಡಿಸಿಕೊಂಡರು.

ಭಾನುವಾರ ಊರೆಲ್ಲ ಸೇರಿತ್ತು. ಅಧಿಕಾರಿಯ ಆಳು ಕಂಬಕ್ಕೆ ಒರಗಿ ನಿಂತಿದ್ದ. ಹಿರಿಯರು ಕಪ್ಪು ಮೇಣದಬತ್ತಿ ಹಿಡಿದು ಓದಿದರು: ಇವನಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಬಾಗಿಲು ತೆರೆಯಬಾರದು, ಕೊಟ್ಟವರ ಆತ್ಮವೂ ಇವನ ಜೊತೆಗೇ ಹಾಳಾಗಲಿ, ಸತ್ತ ಮೇಲೂ ಇವನ ದೇಹ ಮಣ್ಣಾಗದಿರಲಿ. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಓದಿ ಮುಗಿದ ಮೇಲೆ ಥಿಮಿಯೋಸನ ತಾಯಿ ಜಫೀರೋ ಮುಂದೆ ಬಂದಳು. ಗಂಡ ಸತ್ತವಳು, ಒಬ್ಬನೇ ಮಗ.

"ಇದು ಖರೇನಾ, ಗುರುಗಳೇ?"

ಹಿರಿಯರು ಕಂಬದ ಕಡೆ ನೋಡಿದರು. "ಖರೇ, ತಾಯಿ," ಎಂದರು.

ಮಠವನ್ನು ಯಾರೂ ಹುಡುಕಲಿಲ್ಲ. ಆದರೆ ಅಂದಿನಿಂದ ಬೆಟ್ಟದ ಕುರುಬರು ಥಿಮಿಯೋಸನಿಗೆ ರೊಟ್ಟಿ ಕೊಡುವುದನ್ನು ನಿಲ್ಲಿಸಿದರು. ತೊಡೆಗೆ ಗುಂಡು ಬಿದ್ದಾಗ ಒಂದು ಮನೆಯವರೂ ಒಳಗೆ ಸೇರಿಸಲಿಲ್ಲ. ಹಿಮ ಬೀಳುತ್ತಿದ್ದ ಒಂದು ಸಂಜೆ ಅವನು ಕಾಲೆಳೆದುಕೊಂಡು ತಾಯಿಯ ಮನೆಗೆ ಬಂದನಂತೆ. ಬೆಳಗ್ಗೆ ಅಕ್ಕಪಕ್ಕದವರು ನೋಡುವಾಗ ಹೊಸ್ತಿಲಲ್ಲಿ ಮುದುಡಿಕೊಂಡು ಸತ್ತಿದ್ದ. ಒಳಗೆ ಜಫೀರೋ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಶಾಪಗ್ರಸ್ತನೆಂದು ಅವನನ್ನು ಊರಾಚೆ ಹೂಳಿದರು. ಸುದ್ದಿ ಕೇಳಿದ ದಿನ ಹಿರಿಯರು ಊಟ ಮುಟ್ಟಲಿಲ್ಲ. ಶಾಪ ಸುಳ್ಳೆಂದು ಬಾಯಿಬಿಟ್ಟರೆ ಮದ್ದು ತುರ್ಕರ ಕೈ ಸೇರುತ್ತಿತ್ತು.

ವಸಂತದಲ್ಲಿ ದಂಗೆ ಎದ್ದಿತು. ಪೀಪಾಯಿಗಳು ಹೊರಬಂದವು. ಹಿರಿಯರು ಬಾವುಟಕ್ಕೆ ಪವಿತ್ರಜಲ ಚಿಮುಕಿಸಿದರು. ಜನ ಅವರ ಕೈಗೆ ಮುತ್ತಿಡಲು ನೂಕಾಡಿದರು. ಅವರು ಕೈ ಬಿಡಿಸಿಕೊಂಡು ನನ್ನನ್ನು ಜೊತೆಗೆ ಕರೆದುಕೊಂಡು ನೇರವಾಗಿ ಜಫೀರೋಳ ಮನೆಗೆ ಹೋದರು. ಅವಳು ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಹಿರಿಯರು ಅವಳೆದುರು ನೆಲದ ಮೇಲೆ ಕೂತು ಮದ್ದು, ಆಣೆ, ಶಾಪ, ಒಂದನ್ನೂ ಬಿಡದೆ ಹೇಳಿದರು. ಅವಳ ಕೈ ನಿಂತಿತು.

"ಅಂದ್ರೆ, ನಾನು ಬಾಗಿಲು ತೆಗೀಬೋದಿತ್ತು?"

ಅವಳು ಹೊಸ್ತಿಲ ಕಡೆ ನೋಡಿದಳು.

"'ಅವ್ವಾ, ಚಳಿ' ಅಂದ. ಬೇರೇನೂ ಹೇಳಲಿಲ್ಲ. ಶಾಪ ಸುಳ್ಳು ಅಂತ ಒಂದು ಮಾತು ಅಂದಿದ್ರೆ ತೆಗೀತಿದ್ದೆ. ನಿಮ್ಮ ಆಣೆ ಉಳಿಸಿದ, ನನ್ನ ಮಗ."

ಸಮಾಧಿಯ ಬಳಿ ನಿಂತು ಶಾಪವಿಮೋಚನೆ ಓದುತ್ತೇನೆ, ಊರಿನವರೆಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದರು ಹಿರಿಯರು.

"ಬೇಡ. ಆವತ್ತೂ ನಿಮ್ಮ ಬಾಯೇ, ಈವತ್ತೂ ನಿಮ್ಮ ಬಾಯೇ. ಯಾವುದನ್ನ ನಂಬಲಿ ನಾನು?" ಎಂದು ಅವಳು ಮತ್ತೆ ಉಣ್ಣೆ ಕೈಗೆತ್ತಿಕೊಂಡಳು.

ಆದರೂ ಹಿರಿಯರು ಊರಿನವರ ಮುಂದೆ ಸತ್ಯ ಹೇಳಿದರು. ಜನ ಆ ಸುಳ್ಳು ಶಾಪವನ್ನೂ ಅವರ ಜಾಣತನವೆಂದೇ ಹೊಗಳಿದರು. ಅದು ಅವರಿಗೆ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. ಮಠದ ಹಿರಿತನ ಬಿಟ್ಟು, ಗಾಯಾಳುಗಳ ಶುಶ್ರೂಷೆಗೆಂದು ದಂಡಿನ ಹಿಂದೆ ಹೊರಟುಹೋದರು. ಎರಡನೆಯ ಬೇಸಿಗೆಯಲ್ಲಿ ಯಾವುದೋ ಪಾಳೆಯದಲ್ಲಿ ಜ್ವರ ಬಂದು ತೀರಿಕೊಂಡರು.

ಈಗ ದೇಶ ನಮ್ಮದಾಗಿದೆ. ಸತ್ತವರನ್ನು ನೆನೆಯುವ ಶನಿವಾರದಂದು ಊರ ಹೆಂಗಸರು ಚರ್ಚಿಗೆ ಬೇಯಿಸಿದ ಗೋಧಿ ತಂದು, ತಮ್ಮವರ ಹೆಸರುಗಳನ್ನು ನಮ್ಮಿಂದ ಓದಿಸಿಕೊಂಡು ಹೋಗುತ್ತಾರೆ. ಜಫೀರೋ ಬರುವುದಿಲ್ಲ. ಅವಳೂ ಗೋಧಿ ಬೇಯಿಸುತ್ತಾಳೆ. ಊರಾಚೆಯ ಆ ಮಣ್ಣಿನ ದಿಬ್ಬದ ಬಳಿ ಕೂತು ಮಗನ ಹೆಸರನ್ನು ತಾನೇ ಹೇಳಿಕೊಂಡು, ದಾರಿಯಲ್ಲಿ ಹೋಗುವವರಿಗೆ ಒಂದೊಂದು ಹಿಡಿ ಕೊಡುತ್ತಾಳೆ. ನಾನು ಆ ಕಡೆ ಹೋದರೆ ನನಗೂ ಕೊಡುತ್ತಾಳೆ, ಮುಖ ನೋಡದೆ.