ಗೋಡೆಯ ಮೇಲಿನ ದೊರೆ

"ಚೆನ್ನಾಗಿಲ್ದಿದ್ರೆ ಅಳಿಸಿ ಫ್ಲೆಕ್ಸ್ ಹಾಕಿಸ್ತೀನಿ" ಎಂದೇ ಗುರುಶಾಂತಮ್ಮ ತನ್ನ ಹೊಳಲ್ಕೆರೆಯ ಮಜ್ಜಿಗೆ ಅಂಗಡಿಯ ಗೋಡೆ ಕೊಟ್ಟಿದ್ದಳು. ಪೇಂಟರ್ ತಿಪ್ಪೇರುದ್ರನಿಗೆ ಆರು ತಿಂಗಳಲ್ಲಿ ಸಿಕ್ಕ ಮೊದಲ ಗೋಡೆ ಅದು.

ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯಲ್ಲಿ ಒಂದು ವಿಸ್ಕಿ ಜಾಹೀರಾತಿತ್ತು. ಕಾಲ ಮೇಲೆ ಕಾಲು ಹಾಕಿದ ಟೋಪಿಯ ಬಿಳಿ ದೊರೆ, ಜಗತ್ತೇ ತನ್ನದೆಂಬಂತೆ ಲೋಟ ಎತ್ತಿದ್ದ. ತಿಪ್ಪೇರುದ್ರ ಅದೇ ಠೀವಿಯನ್ನು ಗೋಡೆಗಿಳಿಸಿದ. ಟೋಪಿಯ ಬದಲು ತಲೆಗೆ ಕುರಿಗಾರರ ಕಂಬಳಿ ಕೊಪ್ಪೆ, ವಿಸ್ಕಿಯ ಬದಲು ಮಜ್ಜಿಗೆ.

"ಏನಪ್ಪ, ಇದು ಬ್ರಾಂದಿ ಅಂಗ್ಡಿನಾ? ಅಳಿಸು!" ಗುರುಶಾಂತಮ್ಮ ಗದರಿದಳು.

ಅವನು ಬಟ್ಟೆಗೆ ಸೀಮೆಎಣ್ಣೆ ಹಾಕುವಷ್ಟರಲ್ಲಿ ಶಿವಮೊಗ್ಗದ ಬಸ್ಸು ನಿಂತಿತು. ಇಳಿದ ಕುರಿಗಾರನೊಬ್ಬ ಗೋಡೆ ನೋಡಿದ, ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ.

"ಅವ್ನು ಕುಡಿಯೋದೇ ನಂಗೂ ಕೊಡ್ರಿ."

ಹಿಂದೆಯೇ ಅರ್ಧ ಬಸ್ಸು ಇಳಿಯಿತು. ಮಧ್ಯಾಹ್ನದೊಳಗೆ ಮಜ್ಜಿಗೆಯ ಮಡಕೆ ಬರಿದಾಗಿತ್ತು.

"ಲೇ ತಿಪ್ಪೇರುದ್ರ, ಆ ಕಡೆ ಗೋಡೆನೂ ಖಾಲಿ ಐತೆ," ಎಂದಳು ಗುರುಶಾಂತಮ್ಮ.