ಮೂಕಿ ತೋರಿದ ದಿಕ್ಕು

ದನದ ಹಿಂಡಿನ ಜೊತೆ ಹೋಗುವ ಅಡುಗೆ ಗಾಡಿಗೆ ಇನ್ನೊಂದು ಕೆಲಸವೂ ಇದೆ. ಮಲಗುವ ಮುಂಚೆ ಅಡುಗೆಯವನು ಧ್ರುವನಕ್ಷತ್ರ ನೋಡಿ ಗಾಡಿಯ ಮೂಕಿಯನ್ನು, ಅಂದರೆ ಮುಂದೆ ಚಾಚಿದ ಎಳೆಯುವ ಮರವನ್ನು, ಅತ್ತ ತಿರುಗಿಸಿಡುತ್ತಾನೆ. ಬೆಳಿಗ್ಗೆ ಮೋಡವಿರಲಿ, ಮಂಜಿರಲಿ, ಮೂಕಿ ಇದ್ದ ಕಡೆ ಉತ್ತರ. ಟೆಕ್ಸಾಸಿನಿಂದ ಉತ್ತರಕ್ಕೆ ದನ ಹೊಡೆದುಕೊಂಡು ಹೊರಟವರು ಯಾರೂ ಅದನ್ನು ಅನುಮಾನಿಸುವುದಿಲ್ಲ.

ಲೆಮ್ಯುಯೆಲ್ ಟ್ಯಾಕೆಟ್ ಮೊದಲು ದನ ಹೊಡೆಯುತ್ತಿದ್ದವನು. ಕುದುರೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಅಡುಗೆಗೆ ಬಂದ. ಇದೂ ಹೋದರೆ ಅವನನ್ನು ಕೆಲಸಕ್ಕೆ ಕರೆಯುವವರಿರಲಿಲ್ಲ.

ಅವತ್ತು ಬೆಳಿಗ್ಗೆ ದಟ್ಟ ಮಂಜು. ದನಗಳು ನೀರು ಕಂಡು ಎರಡು ದಿನವಾಗಿತ್ತು. ಸಿಮರಾನ್ ನದಿ ಉತ್ತರಕ್ಕೆ ಅರ್ಧ ದಿನದ ದಾರಿ.

"ಕಾಫಿನೋ ಇದು, ಬೂಟು ತೊಳೆದ ನೀರೋ, ತಾತ?" ಎಂದ ಸವಾರ ಸೈರಸ್.

"ನಿನ್ನ ಬೂಟು ತೊಳೆದಿದ್ರೆ ಇನ್ನೂ ಗಟ್ಟಿ ಇರ್ತಿತ್ತು. ಕುಡಿದು ಹೊರಡು."

ಹಿಂಡಿನ ಯಜಮಾನ ಏಸಾ ಬ್ರಿಗ್ಸ್ ಮೂಕಿ ನೋಡಿದ, ಕೈ ಬೀಸಿದ. ಹಿಂಡು ಹೊರಟಿತು.

ಪಾತ್ರೆಗಳನ್ನು ಮರಳಲ್ಲಿ ಉಜ್ಜಿ, ಹೇಸರಗತ್ತೆ ಕಟ್ಟಲು ಮೂಕಿ ಎತ್ತಿದಾಗ ಲೆಮ್ಯುಯೆಲ್‌ಗೆ ನೆನಪಾಯಿತು. ನಸುಕಿನಲ್ಲಿ ಗಾಳಿ ತಿರುಗಿ, ಕಲಸಿಟ್ಟ ಹಿಟ್ಟಿನ ಮೇಲೆ ಒಲೆಯ ಬೂದಿ ಬೀಳುತ್ತಿತ್ತು. ಗಾಳಿಗೆ ಮರೆಯಾಗಲೆಂದು ಹೇಸರಗತ್ತೆಯಿಂದ ಎಳೆಸಿ ಗಾಡಿಯನ್ನು ತಿರುಗಿಸಿದ್ದ. ಮೂಕಿ ಈಗ ಪಶ್ಚಿಮಕ್ಕಿತ್ತು. ಆ ಕಡೆ ಬರೀ ಉಪ್ಪುನೆಲ, ನೀರಿಲ್ಲ.

ಸುಮ್ಮನಿದ್ದರೆ ಮಂಜು ಕರಗಿದ ಮೇಲೆ ದಾರಿ ತಪ್ಪಿದ್ದು ಎಲ್ಲರಿಗೂ ತಿಳಿಯುತ್ತದೆ, ಯಾಕೆ ತಪ್ಪಿತೆಂದು ತಿಳಿಯದೆಯೂ ಹೋಗಬಹುದು. ಆದರೆ ಅಷ್ಟು ಹೊತ್ತಿಗೆ ದನಗಳಲ್ಲಿ ವಾಪಸು ನಡೆಯುವ ಶಕ್ತಿ ಉಳಿದಿರುವುದಿಲ್ಲ.

ಗಾಡಿ ಅಲ್ಲೇ ಬಿಟ್ಟು, ಒಂದು ಹೇಸರಗತ್ತೆ ಹತ್ತಿ ಹಿಂಡಿನ ಹಿಂದೆ ಹೋದ. ಬ್ರಿಗ್ಸ್ ಮುಂದೆ ಒಬ್ಬನೇ ಇದ್ದ.

"ಯಜಮಾನ್ರೇ, ನಾವು ಪಶ್ಚಿಮಕ್ಕೆ ಹೋಗ್ತಿದೀವಿ."

"ಮೂಕಿ ನೋಡೇ ಹೊರಟಿದ್ದು."

"ಅದನ್ನ ತಿರುಗಿಸಿದ್ದು ನಾನೇ. ಹಿಟ್ಟಿಗೆ ಬೂದಿ ಬೀಳ್ತಿತ್ತು. ಆಮೇಲೆ ಮರೆತೆ."

ಬ್ರಿಗ್ಸ್ ಕುದುರೆ ನಿಲ್ಲಿಸಿದ.

"ರೊಟ್ಟಿ ಚೆನ್ನಾಗಿತ್ತು" ಎಂದ. "ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಹೇಳ್ಬೇಡ. ಗಂಟಲು ಒಣಗಿದೆ ಹುಡುಗ್ರಿಗೆ, ನಿನ್ನ ಬಡಿದು ಹಾಕ್ತಾರೆ. ನದಿವರೆಗೆ ಅಡುಗೆಗೆ ನಂಗೆ ಇನ್ನೊಬ್ಬನಿಲ್ಲ."

"ನದಿ ಆದ್ಮೇಲೆ?"

"ನಿನ್ನ ದಾರಿ ನಿಂಗೆ."

"ಆಗ್ಲಿ" ಎಂದು ಲೆಮ್ಯುಯೆಲ್ ಗಾಡಿ ತರಲು ಹಿಂದಿರುಗಿದ.

ಬ್ರಿಗ್ಸ್ ಸವಾರರನ್ನು ಕರೆದು, ದಾರಿ ತಪ್ಪಿಸಿದ್ದು ತಾನೇ ಎಂದ, ಬಲಕ್ಕೆ ತಿರುಗಿಸಲು ಹೇಳಿದ. ಅವರು ಗೊಣಗುತ್ತಾ ತಿರುಗಿಸಿದರು. ಮಧ್ಯಾಹ್ನದಿಂದ ಬಡಕಲು ದನಗಳು ಒಂದೊಂದಾಗಿ ನಿಂತವು, ಆಮೇಲೆ ಬಿದ್ದವು. ಅವನ್ನು ಎಬ್ಬಿಸಲು ಯಾರೂ ನಿಲ್ಲಲಿಲ್ಲ. ಸಂಜೆ ಉಳಿದವು ನೀರಿನ ವಾಸನೆ ಹಿಡಿದು ನದಿಯತ್ತ ಓಡತೊಡಗಿದವು.

ಮರುದಿನ, ಆಚೆ ದಡದಿಂದ ನದಿ ದಾಟಿ ಬಂದು ದಕ್ಷಿಣಕ್ಕೆ ಹೊರಟಿದ್ದ ಸಾಮಾನಿನ ಗಾಡಿಯೊಂದರಲ್ಲಿ ಲೆಮ್ಯುಯೆಲ್ ತನ್ನ ಹಾಸಿಗೆ ಸುತ್ತಿ ಹಾಕಿದ.

"ಎಲ್ಲಿಗೆ ತಾತ?" ಎಂದ ಸೈರಸ್.

"ಸೊಂಟ ಕೇಳ್ತಿಲ್ಲ. ಬೀನ್ಸ್ ನೆನೆಹಾಕಿದೀನಿ, ಸೀಯಿಸಬೇಡಿ."

"ಸೊಂಟ ಅಲ್ಲ. ಈ ಯಜಮಾನ್ರಿಗೆ ದಾರಿ ಗೊತ್ತಾಗಲ್ಲ ಅಂತ ಹೆದರಿ ಓಡ್ತಿದೀಯ."

ಸವಾರರು ನಕ್ಕರು. ಪಕ್ಕದಲ್ಲೇ ಜೀನು ಬಿಗಿಯುತ್ತಿದ್ದ ಬ್ರಿಗ್ಸ್‌ಗೂ ಅದು ಕೇಳಿಸಿತು. ಅವನು ತಲೆ ಎತ್ತಲಿಲ್ಲ.

"ಇರಬಹುದು" ಎಂದು ಲೆಮ್ಯುಯೆಲ್ ಗಾಡಿ ಹತ್ತಿದ.